ಮೂತ್ರಪಿಂಡವಿಲ್ಲದ ಯೂರಿಯಾ

ವೈದ್ಯಕೀಯ ಪದವಿ ಪಡೆದು ಇನ್ನೂ ಕೆಲವು ತಿಂಗಳಷ್ಟೇ ಆಗಿದ್ದ ಫ್ರೆಡ್ರಿಕ್ ವೋಲರ್ ಎಂಬ 23ರ ತರುಣ 1823ರ ಕೊನೆಯ ಹೊತ್ತಿಗೆ ಸ್ಟಾಕ್‌ಹೋಮ್ ಸೇರಿದ. ರೋಗಿಗಳ ನಾಡಿ ಹಿಡಿಯುವುದಕ್ಕಿಂತ ರಸಾಯನಶಾಸ್ತ್ರವೇ ನಿನಗೆ ಒಪ್ಪುವ ದಾರಿ ಎಂದು ಹೈಡೆಲ್‌ಬರ್ಗ್‌ನ ಗುರು ಲಿಯೊಪೋಲ್ಡ್ ಗ್ಮೆಲಿನ್ ಅವನ ಮನವೊಲಿಸಿದ್ದ. ಸ್ವೀಡನ್ನಿನ ಯಾಕೋಬ್ ಬರ್ಜೀಲಿಯಸ್ ಆಗ ಯೂರೋಪಿನ ರಸಾಯನಶಾಸ್ತ್ರಜ್ಞರಲ್ಲೆಲ್ಲ ಹಿರಿಯ. ಧಾತುಗಳಿಗೆ ನಾವು ಇಂದೂ ಬಳಸುವ ಅಕ್ಷರ ಸಂಕೇತಗಳನ್ನು ಕೊಟ್ಟವನು ಅವನೇ. ಆದರೆ ಅವನ ಪ್ರಯೋಗಾಲಯ ಎಂದರೆ ಮನೆಯ ಎರಡು ಸಾದಾ ಕೋಣೆಗಳು. ಕುಲುಮೆ ಇಲ್ಲ, ಹೊಗೆ ಹೋಗಲು ಗೂಡಿಲ್ಲ. ಮರಳಿನ ತಟ್ಟೆಯೂ ಸಣ್ಣ ಒಲೆಯೂ ಪಕ್ಕದ ಅಡುಗೆಮನೆಯಲ್ಲಿದ್ದವು. ಅಡುಗೆ ಮಾಡುತ್ತ ಗಾಜಿನ ಪಾತ್ರೆಗಳನ್ನೂ ತೊಳೆಯುತ್ತಿದ್ದ ಅನ್ನಾ ಎಂಬ ಹೆಂಗಸು ಒಮ್ಮೆ ಪಾತ್ರೆಯೊಂದು ಆಕ್ಸೀಕೃತ ಮ್ಯೂರಿಯಾಟಿಕ್ ಆಮ್ಲದ ವಾಸನೆ ಹೊಡೆಯುತ್ತಿದೆ ಎಂದಾಗ, ಇನ್ನು ಮೇಲೆ ಅದನ್ನು ಕ್ಲೋರಿನ್ ಎನ್ನಬೇಕು ಎಂದು ಬರ್ಜೀಲಿಯಸ್ ತಿದ್ದಿದನಂತೆ. ಶಿಷ್ಯ ಲೆಕ್ಕಾಚಾರವನ್ನು ಅವಸರದಲ್ಲಿ ಮುಗಿಸಿದರೆ, ಬೇಗ ಆಯಿತು, ಆದರೆ ಕೆಟ್ಟದಾಗಿ ಆಯಿತು ಎಂದು ಗದರುತ್ತಿದ್ದ. ಮುಂದೆ ಗುರುವಿನ ದೊಡ್ಡ ಪಠ್ಯಗ್ರಂಥವನ್ನು ಸ್ವೀಡಿಷ್‌ನಿಂದ ಜರ್ಮನ್‌ಗೆ ತಂದವನೂ ಈ ಶಿಷ್ಯನೇ.

ಜೀವಿಗಳ ದೇಹದಲ್ಲಿ ಧಾತುಗಳು ಪಾಲಿಸುವ ನಿಯಮವೇ ಬೇರೆ, ಜಡಜಗತ್ತಿನಲ್ಲಿ ಪಾಲಿಸುವ ನಿಯಮವೇ ಬೇರೆ ಎಂಬ ಎಣಿಕೆ ಆ ಗ್ರಂಥದಲ್ಲಿತ್ತು. ಸಾವಯವ ರಸಾಯನಶಾಸ್ತ್ರ, ನಿರವಯವ ರಸಾಯನಶಾಸ್ತ್ರ ಎಂದು ಇಂದಿಗೂ ಪಿಯುಸಿ ಪುಸ್ತಕಗಳನ್ನು ಎರಡು ಭಾಗ ಮಾಡುವ ವಿಂಗಡಣೆಯ ಮೂಲ ಅಲ್ಲಿದೆ.

ಈ ವಿಂಗಡಣೆ ಹುಟ್ಟಿದ್ದು ಮೂಢನಂಬಿಕೆಯಿಂದಲ್ಲ ಎಂಬುದನ್ನು ಒತ್ತಿ ಹೇಳಬೇಕು. 1675ರಲ್ಲಿ ಫ್ರಾನ್ಸಿನ ನಿಕೊಲಾ ಲೆಮೆರಿ ತನ್ನ ಪಠ್ಯದಲ್ಲಿ ವಸ್ತುಗಳನ್ನು ಖನಿಜ, ಸಸ್ಯ, ಪ್ರಾಣಿ ಎಂದು ಮೂರು ರಾಶಿ ಮಾಡಿದಾಗ ಅದು ಬರೀ ಅನುಕೂಲಕ್ಕೆ ಮಾಡಿದ ಜೋಡಣೆ. ಮುಂದಿನ ನೂರು ವರ್ಷದಲ್ಲಿ ಕೈಗೆ ಸಿಕ್ಕ ಅನುಭವ ಆ ಭೇದವನ್ನು ಗಟ್ಟಿ ಮಾಡಿತು. ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ಷೀಲೆ ನಿಂಬೆಯಿಂದ ಸಿಟ್ರಿಕ್ ಆಮ್ಲ, ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ, ಮೂತ್ರದ ಕಲ್ಲುಗಳಿಂದ ಯೂರಿಕ್ ಆಮ್ಲ ಹೀಗೆ ಒಂದೊಂದನ್ನೇ ಹೊರತೆಗೆದ. ಲೆವಾಸಿಯೆ ಇವನ್ನೆಲ್ಲ ಸುಟ್ಟು ಅಳೆದು, ಒಳಗಿರುವುದು ಬಹುಪಾಲು ಇಂಗಾಲ, ಜಲಜನಕ, ಆಮ್ಲಜನಕ, ಕೆಲವೊಮ್ಮೆ ಸಾರಜನಕ ಎಂದು ತೋರಿಸಿದ. ಇಷ್ಟು ಕಡಿಮೆ ಧಾತುಗಳಿಂದ ಇಷ್ಟೊಂದು ಬಗೆಯ ಪದಾರ್ಥಗಳು ಹೇಗೆ? ಅದಕ್ಕಿಂತ ಕಾಡಿದ ಪ್ರಶ್ನೆ ಇನ್ನೊಂದು. ನೀರನ್ನು ಒಡೆದು ಎರಡು ಅನಿಲ ಮಾಡಬಹುದು, ಆ ಎರಡನ್ನು ಉರಿಸಿ ಮತ್ತೆ ನೀರನ್ನೇ ಪಡೆಯಬಹುದು. ಸಕ್ಕರೆಯನ್ನು ಸುಟ್ಟರೆ ಇದ್ದಿಲೂ ಹಬೆಯೂ ಸಿಗುತ್ತವೆ. ಇದ್ದಿಲನ್ನೂ ಹಬೆಯನ್ನೂ ಎಷ್ಟು ಬೆರೆಸಿದರೂ ಸಕ್ಕರೆ ಬರುವುದಿಲ್ಲ. ಒಂದು ಕಡೆ ಒಡೆಯುವುದೂ ಕಟ್ಟುವುದೂ ಸಾಧ್ಯ, ಇನ್ನೊಂದು ಕಡೆ ಒಡೆಯುವುದು ಮಾತ್ರ. ಕಟ್ಟುವ ಕೆಲಸವನ್ನು ಜೀವಶಕ್ತಿಯೊಂದು ಮಾಡುತ್ತದೆ ಎಂದು ಆ ಕಾಲದ ಪ್ರಾಮಾಣಿಕ ರಸಾಯನಜ್ಞರು ಭಾವಿಸಿದ್ದರೆ ಅವರನ್ನು ದೂರುವಂತಿಲ್ಲ.

ಯೂರಿಯಾ ಇಂಥ ಜೀವಜನ್ಯ ಪದಾರ್ಥಗಳ ಸಾಲಿನದು. 1773ರಲ್ಲಿ ಫ್ರಾನ್ಸಿನ ಹಿಲೇರ್ ರುವೆಲ್ ಮೂತ್ರವನ್ನು ಇಂಗಿಸಿ ಅದನ್ನು ಪಡೆದಿದ್ದ. 1817ರ ಸುಮಾರಿಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ ಅದನ್ನು ಶುದ್ಧ ಮಾಡಿ, ಯಾವ ಧಾತು ಎಷ್ಟು ಪಾಲು ಎಂಬುದನ್ನು ನಿಖರವಾಗಿ ಅಳೆದ. ವೋಲರ್‌ಗೆ ಈ ವಸ್ತು ಹೊಸದಲ್ಲ. ವಿದ್ಯಾರ್ಥಿಯಾಗಿದ್ದಾಗಲೇ, ತಿಂದ ಪದಾರ್ಥಗಳು ಮೂತ್ರಕ್ಕೆ ಹೇಗೆ ಇಳಿಯುತ್ತವೆ ಎಂಬುದರ ಮೇಲೆ ನಾಯಿಗಳ ಮೇಲೂ ತನ್ನ ಮೇಲೂ ಪ್ರಯೋಗ ಮಾಡಿ ಬಹುಮಾನ ಪಡೆದಿದ್ದ. ಯೂರಿಯಾದ ಹರಳು ಎದುರಿಗೆ ಬಂದರೆ ಗುರುತು ಹಿಡಿಯಬಲ್ಲ ಕೆಲವೇ ಮಂದಿಯಲ್ಲಿ ಅವನೊಬ್ಬ. ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅವನ ಇನ್ನೊಂದು ಹುಚ್ಚು ಸಯನೇಟುಗಳು. 1824ರಲ್ಲಿ ಸಯನೋಜನ್ ಅನಿಲವನ್ನು ಅಮೋನಿಯಾ ನೀರಿನೊಡನೆ ಬೆರೆಸಿದಾಗ ಎರಡು ಪದಾರ್ಥ ಸಿಕ್ಕವು. ಒಂದು ಆಕ್ಸಾಲಿಕ್ ಆಮ್ಲ. ಅದು ಅದುವರೆಗೆ ಸಸ್ಯಗಳಿಂದ ಬಂದ ವಸ್ತು ಎಂದೇ ಹೆಸರಾದದ್ದು. ಹಾಗೆ ನೋಡಿದರೆ ಜೀವಿಯ ನೆರವಿಲ್ಲದೆ ಸಾವಯವ ವಸ್ತು ಆಗಲೇ ಹುಟ್ಟಿತ್ತು. ಯಾರೂ ಗದ್ದಲ ಮಾಡಲಿಲ್ಲ, ಸ್ವತಃ ವೋಲರ್ ಕೂಡ. ಇನ್ನೊಂದು, ಏನೆಂದು ತಿಳಿಯದ ಬಿಳಿ ಹರಳು. ಅದನ್ನು ಬರೆದಿಟ್ಟು ಮುಂದೆ ಹೋದ.

ನಡುವೆ ಒಂದು ಜಗಳವೂ ನಡೆಯಿತು. ಗೀಸೆನ್ನಿನ ಯುಸ್ಟುಸ್ ಲೀಬಿಗ್ ಸಿಡಿಯುವ ಬೆಳ್ಳಿ ಫಲ್ಮಿನೇಟ್ ಲವಣವನ್ನು ಅಳೆದಿದ್ದ. ವೋಲರ್ ಅಳೆದ ಬೆಳ್ಳಿ ಸಯನೇಟ್ ಸಿಡಿಯದ ಸಾಧು ಲವಣ. ಎರಡರ ಅಳತೆಯೂ ಒಂದೇ ಬಂತು. ಒಂದೇ ಧಾತುಗಳು ಒಂದೇ ಪ್ರಮಾಣದಲ್ಲಿದ್ದರೆ ವಸ್ತುವೂ ಒಂದೇ ಆಗಬೇಕು ಎಂಬುದು ಆಗಿನ ನಿಯಮ. ಆದ್ದರಿಂದ ಇಬ್ಬರಲ್ಲೊಬ್ಬ ತಪ್ಪಿರಬೇಕು. ಮುಂಗೋಪಿ ಲೀಬಿಗ್ ತಪ್ಪು ವೋಲರನದೇ ಎಂದು ಬರೆದ. ಮತ್ತೆ ಅಳೆದಾಗ ಇಬ್ಬರದೂ ಸರಿಯಾಗಿತ್ತು. ಈ ವೈರದಿಂದ ಹುಟ್ಟಿದ ಗೆಳೆತನ ಬಾಳಿನ ಕೊನೆಯವರೆಗೆ ಉಳಿಯಿತು.

1825ರಿಂದ ವೋಲರ್ ಬರ್ಲಿನ್ನಿನ ಕೈಗಾರಿಕಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಅಲ್ಲಿಯೇ 1827ರಲ್ಲಿ ಅಲ್ಯೂಮಿನಿಯಂ ಲೋಹವನ್ನು ಪುಡಿಯ ರೂಪದಲ್ಲಿ ಬೇರ್ಪಡಿಸಿದ. ಮರುವರ್ಷದ ಆರಂಭದಲ್ಲಿ ಹಳೆಯ ಬಿಳಿ ಹರಳಿನ ಕಡೆಗೆ ತಿರುಗಿದ. ಅವನು ತಯಾರಿಸಲು ಹೊರಟದ್ದು ಅಮೋನಿಯಂ ಸಯನೇಟ್ ಎಂಬ ಸರಳ ಲವಣವನ್ನು. ಬೆಳ್ಳಿ ಸಯನೇಟಿಗೆ ನವಸಾಗರದ ದ್ರಾವಣ ಸುರಿದ. ಬೆಳ್ಳಿ ಕ್ಲೋರೈಡ್ ಆಗಿ ತಳಕ್ಕಿಳಿಯಿತು. ಸೀಸದ ಸಯನೇಟಿಗೆ ಅಮೋನಿಯಾ ಹಾಕಿಯೂ ನೋಡಿದ. ಯಾವ ದಾರಿಯಲ್ಲಿ ಹೋದರೂ ದ್ರಾವಣವನ್ನು ಇಂಗಿಸಿದಾಗ ಸಿಕ್ಕಿದ್ದು ಬಣ್ಣವಿಲ್ಲದ, ನಾಲ್ಕು ಮೂಲೆಯ ಅದೇ ಹರಳು. ಅದು ಲವಣದಂತೆ ನಡೆದುಕೊಳ್ಳಲಿಲ್ಲ. ಕ್ಷಾರ ಹಾಕಿದರೆ ಅಮೋನಿಯಾ ಹೊರಬರಬೇಕಿತ್ತು, ಬರಲಿಲ್ಲ. ಆಮ್ಲ ಹಾಕಿದರೆ ಸಯನಿಕ್ ಆಮ್ಲದ ಘಾಟು ಏಳಬೇಕಿತ್ತು, ಏಳಲಿಲ್ಲ. ನೈಟ್ರಿಕ್ ಆಮ್ಲ ಹಾಕಿದ ಕೂಡಲೇ ಹೊಳೆಯುವ ಪದರಗಳು ಮೂಡಿದವು. ಹಾಗೆ ಮೂಡುವುದು ಯೂರಿಯಾ ಇದ್ದಾಗ ಎಂಬುದು ಮೂತ್ರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವನಿಗೆ ಗೊತ್ತಿರದೆ ಇರುತ್ತದೆಯೇ? ಮೂತ್ರದಿಂದ ತೆಗೆದ ಯೂರಿಯಾವನ್ನು ಪಕ್ಕದಲ್ಲಿಟ್ಟು ಹೋಲಿಸಿದ. ಪ್ರೌಟನ ಅಂಕಿಗಳನ್ನು ತನ್ನ ಲೆಕ್ಕದೊಂದಿಗೆ ತಾಳೆ ನೋಡಿದ. ಎರಡೂ ಒಂದೇ.

1828ರ ಫೆಬ್ರವರಿ 22ರಂದು ಗುರುವಿಗೆ ಪತ್ರ ಬರೆದ. ಮನುಷ್ಯನದಾಗಲಿ ನಾಯಿಯದಾಗಲಿ ಮೂತ್ರಪಿಂಡದ ಹಂಗಿಲ್ಲದೆ ಯೂರಿಯಾ ಮಾಡಬಲ್ಲೆ ಎಂದು ಅದರಲ್ಲಿ ತಿಳಿಸಿದ. ಪತ್ರದ ಸಂಭ್ರಮದ ನಡುವೆಯೇ ಸಂಶಯವೂ ಇದೆ. ತಾನು ಬಳಸಿದ ಸಯನೇಟಿನ ಮೂಲ ಪ್ರಾಣಿಜನ್ಯವಲ್ಲವೇ, ಅಲ್ಲೆಲ್ಲೋ ಜೀವಾಂಶ ಉಳಿದಿದೆ ಎಂದು ಯಾರಾದರೂ ವಾದಿಸಬಹುದಲ್ಲವೇ ಎಂದು ಅವನೇ ಕೇಳಿಕೊಂಡಿದ್ದಾನೆ. ಪ್ರಶ್ನೆ ನ್ಯಾಯವಾದದ್ದು. ಆ ದಿನಗಳಲ್ಲಿ ಸಯನೇಟುಗಳನ್ನು ಮಾಡುತ್ತಿದ್ದುದು ಪ್ರಾಣಿಗಳ ರಕ್ತ, ಕೊಂಬು, ಗೊರಸುಗಳನ್ನು ಪೊಟ್ಯಾಷ್ ಮತ್ತು ಕಬ್ಬಿಣದ ಜೊತೆ ಹುರಿದು ತೆಗೆದ ಲವಣದಿಂದ. ಬರ್ಜೀಲಿಯಸ್‌ನ ಉತ್ತರ ಮಾರ್ಚ್‌ನಲ್ಲಿ ಬಂತು. ಹಿಗ್ಗಿನಲ್ಲಿ ಅವನು, ಇನ್ನು ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಮಗುವನ್ನೇ ಮಾಡಿಬಿಡುತ್ತೀರೇನೋ ಎಂದು ಶಿಷ್ಯನನ್ನು ಛೇಡಿಸಿದ್ದಾನೆ. ಜೀವಶಕ್ತಿ ಬಿದ್ದುಹೋಯಿತು ಎಂಬ ಮಾತು ಮಾತ್ರ ಅದರಲ್ಲಿಲ್ಲ.

ಇಬ್ಬರ ತಲೆಯಲ್ಲೂ ಕುದಿಯುತ್ತಿದ್ದ ವಿಷಯ ಬೇರೆಯದು. ಅಮೋನಿಯಂ ಸಯನೇಟಿನಲ್ಲಿ ಇಂಗಾಲ ಒಂದು, ಆಮ್ಲಜನಕ ಒಂದು, ಸಾರಜನಕ ಎರಡು, ಜಲಜನಕ ನಾಲ್ಕು. ಯೂರಿಯಾದಲ್ಲೂ ಅಷ್ಟೇ, ಒಂದು ಪರಮಾಣು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಿಸಿ ತಾಗಿದಾಗ ಒಳಗಿನ ಪರಮಾಣುಗಳು ಜಾಗ ಬದಲಿಸಿಕೊಳ್ಳುತ್ತವೆ: ಇಂಗಾಲ ನಡುವೆ ನಿಲ್ಲುತ್ತದೆ, ಒಂದು ಕಡೆ ಆಮ್ಲಜನಕ, ಉಳಿದೆರಡು ಕಡೆ ಎರಡೆರಡು ಜಲಜನಕ ಹೊತ್ತ ಸಾರಜನಕ. ಈ ಚಿತ್ರ ನಮಗೆ ಗೊತ್ತಿರುವಂತೆ ಅವರಿಗೆ ಗೊತ್ತಿರಲಿಲ್ಲ. ಏನಿದೆ ಎಂಬುದಷ್ಟೇ ಅಲ್ಲ, ಹೇಗೆ ಜೋಡಿಸಿಕೊಂಡಿದೆ ಎಂಬುದೂ ವಸ್ತುವಿನ ಗುಣವನ್ನು ತೀರ್ಮಾನಿಸುತ್ತದೆ ಎಂಬ ಸುಳಿವು ಸಿಕ್ಕಿತು. ಫಲ್ಮಿನೇಟಿನ ಜಗಳಕ್ಕೂ ಇದೇ ಉತ್ತರ. 1830ರ ಹೊತ್ತಿಗೆ ಬರ್ಜೀಲಿಯಸ್ ಇಂಥ ಜೋಡಿಗಳಿಗೆ ಐಸೋಮರ್ ಎಂದು ಹೆಸರಿಟ್ಟ. ನಮ್ಮ ಪಠ್ಯಗಳಲ್ಲಿ ಇವು ಸಮಾಂಗಿಗಳು. ಆ ಫೆಬ್ರವರಿಯ ನಿಜವಾದ ಫಲ ಇದು ಎಂದು ನಾನು ನಂಬುತ್ತೇನೆ. ಕೆಲವೇ ಧಾತುಗಳಿಂದ ಲಕ್ಷಾಂತರ ಪದಾರ್ಥಗಳು ಹೇಗೆ ಎಂಬ ಲೆವಾಸಿಯೆ ಕಾಲದ ಒಗಟಿಗೆ ಕೀಲಿ ಸಿಕ್ಕಿದ್ದು ಇಲ್ಲಿ.

1832ರ ಬೇಸಿಗೆಯಲ್ಲಿ ವೋಲರ್‌ನ ಹೆಂಡತಿ ಫ್ರಾನ್ಸಿಸ್ಕಾ ತೀರಿಕೊಂಡಳು. ಕುಗ್ಗಿದ ಗೆಳೆಯನನ್ನು ಲೀಬಿಗ್ ಗೀಸೆನ್‌ಗೆ ಕರೆಸಿಕೊಂಡ. ದುಃಖ ಮರೆಯಲು ಇಬ್ಬರೂ ಕಹಿಬಾದಾಮಿಯ ಎಣ್ಣೆಯ ಮೇಲೆ ಕೂತರು. ಆ ಎಣ್ಣೆಯನ್ನು ಬೇರೆ ಬೇರೆ ವಸ್ತುಗಳಾಗಿ ಬದಲಿಸುತ್ತ ಹೋದಾಗಲೂ ಬೆಂಜಾಯಿಲ್ ಎಂಬ ಪರಮಾಣುಗಳ ಗುಂಪೊಂದು ಒಡೆಯದೆ ಎಲ್ಲದರಲ್ಲೂ ಉಳಿಯುತ್ತಿತ್ತು. ಸಾವಯವ ವಸ್ತುಗಳಲ್ಲಿಯೂ ಕ್ರಮವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಆವರೆಗೆ ಇರಲಿಲ್ಲ. ಆದರೂ 1835ರಲ್ಲಿ ವೋಲರ್ ಗುರುವಿಗೆ ಬರೆದ ಪತ್ರದಲ್ಲಿ ಸಾವಯವ ರಸಾಯನಶಾಸ್ತ್ರ ಉಷ್ಣವಲಯದ ದಟ್ಟ ಕಾಡು, ಹೊಕ್ಕವನಿಗೆ ಹೊರದಾರಿ ಕಾಣದು ಎಂಬ ಅಳಲಿದೆ. ಮರುವರ್ಷ ಗ್ಯೋಟಿಂಗೆನ್‌ಗೆ ಹೋದ ಮೇಲೆ ನಿಧಾನವಾಗಿ ಖನಿಜಗಳ ಕಡೆ, ಬೋರಾನ್ ಸಿಲಿಕಾನ್‌ಗಳ ಕಡೆ ಹೊರಳಿದ.

ಮುಂದಿನ ಹೆಜ್ಜೆ ಅವನ ಶಿಷ್ಯ ಹರ್ಮನ್ ಕೋಲ್ಬೆಯದು. ವೋಲರ್ ಕೇಳಿಕೊಂಡ ಪ್ರಶ್ನೆಗೆ ಉತ್ತರ ಕೊಡುವಂಥ ದಾರಿಯನ್ನು ಅವನು ಹಿಡಿದ. ಇಂಗಾಲ ಮತ್ತು ಗಂಧಕದಿಂದ ಕಾರ್ಬನ್ ಡೈಸಲ್ಫೈಡ್. ಅದರ ಮೇಲೆ ಕ್ಲೋರಿನ್ ಹಾಯಿಸಿ ಇಂಗಾಲದ ಕ್ಲೋರೈಡುಗಳು. ಬಿಸಿಲಲ್ಲಿ ನೀರಿನ ಜೊತೆ ಅವುಗಳಿಂದ ಟ್ರೈಕ್ಲೋರೊಅಸಿಟಿಕ್ ಆಮ್ಲ. ಅದರ ಕ್ಲೋರಿನ್ ಕಿತ್ತು ಜಲಜನಕ ಕೂರಿಸಿದರೆ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. 1845ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಧಾತುಗಳಿಂದಲೇ ಶುರುವಾಗಿ ಹಂತಹಂತವಾಗಿ ಜೀವಜನ್ಯ ವಸ್ತುವೊಂದು ಕಟ್ಟಿಕೊಂಡಿತು. ನನ್ನ ಲೆಕ್ಕದಲ್ಲಿ ಯೂರಿಯಾಕ್ಕಿಂತ ಇದು ಗಟ್ಟಿ ಸಾಕ್ಷ್ಯ. ಆದರೆ ಶಾಲೆಯ ಮಕ್ಕಳಿಗೆ ಕೋಲ್ಬೆಯ ಹೆಸರು ಅಷ್ಟಾಗಿ ಗೊತ್ತಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಪ್ಯಾರಿಸ್ಸಿನ ಮಾರ್ಸೆಲಿನ್ ಬರ್ತೆಲೊ ಮದ್ಯಸಾರ, ಫಾರ್ಮಿಕ್ ಆಮ್ಲ, ಮೀಥೇನ್ ಎಂದು ಸಾಲುಸಾಲಾಗಿ ಕಟ್ಟತೊಡಗಿದ. 1860ರ ತನ್ನ ಗ್ರಂಥದಲ್ಲಿ ಸಾವಯವ ರಸಾಯನಶಾಸ್ತ್ರದ ಅಡಿಪಾಯವೇ ಸಂಶ್ಲೇಷಣೆ ಎಂದು ಸಾರಿದ. 1858ರಲ್ಲಿ ಕೆಕುಲೆ ಮತ್ತು ಕೂಪರ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಇಂಗಾಲಕ್ಕೆ ನಾಲ್ಕು ಕೈಗಳಿವೆ, ಅದು ತನ್ನೊಂದಿಗೇ ಕೈ ಕೂಡಿಸಿ ಸರಪಣಿಯಾಗಬಲ್ಲದು ಎಂದು ಕಂಡುಕೊಂಡರು. ಅಲ್ಲಿಗೆ ವಿಂಗಡಣೆಯ ಆಧಾರವೇ ಬದಲಾಯಿತು. ಕೆಕುಲೆಯ ಪಠ್ಯದಲ್ಲಿ ಸಾವಯವ ರಸಾಯನಶಾಸ್ತ್ರ ಎಂದರೆ ಇಂಗಾಲದ ಸಂಯುಕ್ತಗಳ ಅಧ್ಯಯನ, ಅಷ್ಟೇ. ಜೀವದ ಮಾತು ವ್ಯಾಖ್ಯೆಯಿಂದ ಹೊರಬಿತ್ತು.

ಕಟ್ಟುವ ಈ ವಿದ್ಯೆ ಪ್ರಯೋಗಾಲಯದಿಂದ ಕಾರ್ಖಾನೆಗೆ ಹೋದಾಗ ಅದರ ಪೆಟ್ಟು ನಮ್ಮ ನೆಲಕ್ಕೆ ತಗುಲಿತು. 1856ರಲ್ಲಿ ಲಂಡನ್ನಿನಲ್ಲಿ 18ರ ವಿಲಿಯಂ ಪರ್ಕಿನ್ ಮಲೇರಿಯಾದ ಮದ್ದು ಕ್ವಿನೈನ್ ಮಾಡಹೊರಟು ನೇರಳೆ ಬಣ್ಣವೊಂದನ್ನು ಪಡೆದ. 1868ರಲ್ಲಿ ಮಂಜಿಷ್ಠದ ಕೆಂಪಿಗೆ ಕಾರಣವಾದ ಅಲಿಝರಿನ್ ಜರ್ಮನಿಯಲ್ಲಿ ತಯಾರಾಯಿತು, ಮಂಜಿಷ್ಠ ಬೆಳೆದವರ ಬದುಕು ಕುಸಿಯಿತು. 1880ರಲ್ಲಿ ಅಡಾಲ್ಫ್ ಬೇಯರ್ ನೀಲಿಯನ್ನು ಕಟ್ಟಿದ. ಅದನ್ನು ಅಗ್ಗದ ಬೆಲೆಗೆ ಮಾಡಲು ಬಿಎಎಸ್‌ಎಫ್ ಕಂಪನಿಗೆ 17 ವರ್ಷ ಹಿಡಿಯಿತು. ನ್ಯಾಫ್ತಲೀನ್ ಕಾಯಿಸುವಾಗ ಉಷ್ಣಮಾಪಕ ಒಡೆದು ಪಾದರಸ ಬಿದ್ದದ್ದು ಕ್ರಿಯೆಗೆ ವೇಗ ಕೊಟ್ಟಿತು ಎಂಬುದು ಆ ಉದ್ಯಮದ ಹೆಸರಾಂತ ಘಟನೆ. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಇಳಿದ ಮೇಲೆ ಬಿಹಾರದ ನೀಲಿ ತೋಟಗಳ ಲಾಭ ಕರಗಿತು. ತೋಟದ ಬಿಳಿಯ ಧಣಿಗಳು ನಷ್ಟವನ್ನು ತಾವು ಹೊರಲಿಲ್ಲ. ಬಿಘಾದ 20 ಕಠಾದಲ್ಲಿ 3 ಕಠಾ ನೀಲಿ ಬೆಳೆಯಲೇಬೇಕು ಎಂಬ ತಿನ್‌ಕಠಿಯಾ ಕಟ್ಟುಪಾಡಿನಿಂದ ರೈತರನ್ನು ಬಿಡಲು ಗೇಣಿ ಏರಿಸಿದರು, ಪರಿಹಾರವೆಂದು ಹಣ ಕಿತ್ತರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು ಈ ಬೇಗೆಯ ಕರೆಗೆ. ಬೇಯರನ ಪ್ರಯೋಗಾಲಯದಿಂದ ಚಂಪಾರಣ್ಯದ ಗುಡಿಸಲವರೆಗಿನ ಈ ಎಳೆಯನ್ನು ವಿಜ್ಞಾನದ ಪಾಠವಾಗಲಿ ಸ್ವಾತಂತ್ರ್ಯದ ಪಾಠವಾಗಲಿ ಪೂರ್ತಿಯಾಗಿ ಹೇಳಬೇಕಿತ್ತು.

ಜೀವಶಕ್ತಿ ಇಷ್ಟರಲ್ಲಿ ಸತ್ತಿತ್ತೇ ಎಂದರೆ, ಇಲ್ಲ. ಲೀಬಿಗ್ ತನ್ನ 1842ರ ಪ್ರಾಣಿ ರಸಾಯನ ಗ್ರಂಥದಲ್ಲಿ ಅದಕ್ಕೆ ಜಾಗ ಕೊಟ್ಟಿದ್ದ. ಹುದುಗುವಿಕೆ ಬದುಕಿರುವ ಯೀಸ್ಟಿನ ಕೆಲಸ, ಜೀವವಿಲ್ಲದೆ ಅದು ನಡೆಯದು ಎಂದು ಪಾಶ್ಚರ್ ವಾದಿಸಿದ. ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಹರಳುಗಳನ್ನು 1848ರಲ್ಲಿ ಆರಿಸಿ ಬೇರ್ಪಡಿಸಿದವನೂ ಅವನೇ. ಈ ಅಸಮತೆ ಜೀವದ ಮುದ್ರೆ ಎಂದು ಅವನು ಕೊನೆಯವರೆಗೂ ನಂಬಿದ್ದ. ಈ ಎರಡು ಕೋಟೆಗಳೂ ಬೇರೆ ಬೇರೆ ಕಡೆ ಉರುಳಿದವು. 1897ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ಜೀವಕೋಶವಿಲ್ಲದ ರಸ ತೆಗೆದ. ಕೆಡದಿರಲೆಂದು ಸಕ್ಕರೆ ಹಾಕಿದರೆ ರಸ ನೊರೆ ಎತ್ತಿತು. ಸತ್ತ ರಸವೇ ಸಕ್ಕರೆಯನ್ನು ಹುದುಗಿಸುತ್ತಿತ್ತು. 1914ರಲ್ಲಿ ಝೂರಿಕ್‌ನ ಆಲ್ಫ್ರೆಡ್ ವರ್ನರ್, ಕೋಬಾಲ್ಟ್ ಇರುವ, ಇಂಗಾಲದ ಒಂದು ಪರಮಾಣುವೂ ಇಲ್ಲದ ಸಂಯುಕ್ತದಲ್ಲಿ ಎಡ ಬಲ ರೂಪಗಳನ್ನು ಬೇರ್ಪಡಿಸಿ ತೋರಿಸಿದ. ಸಾವಯವದ ಸಂಭ್ರಮದಲ್ಲಿ ಮೂಲೆಗೆ ಸರಿದಿದ್ದ ನಿರವಯವ ರಸಾಯನಶಾಸ್ತ್ರಕ್ಕೆ ಹೊಸ ಜೀವ ಬಂದದ್ದು 1893ರಿಂದ ಅವನು ನಡೆಸಿದ ಈ ಲೋಹ ಸಂಯುಕ್ತಗಳ ಕೆಲಸದಿಂದ.

ಹಾಗಾದರೆ 1828ರ ಒಂದು ದಿನ ಎಲ್ಲವೂ ಬದಲಾಯಿತು ಎಂಬ ಕಥೆ ಎಲ್ಲಿಂದ ಬಂತು? 1882ರಲ್ಲಿ ವೋಲರ್ ತೀರಿಕೊಂಡಾಗ ರಸಾಯನಜ್ಞ ಆಗಸ್ಟ್ ಹಾಫ್‌ಮನ್ ಬರೆದ ಶ್ರದ್ಧಾಂಜಲಿಯಲ್ಲಿ ಅದರ ಬೀಜವಿದೆ. 1930ರಲ್ಲಿ ಬರ್ನಾರ್ಡ್ ಜಾಫೆ ತಮ್ಮ ಜನಪ್ರಿಯ ಪುಸ್ತಕದಲ್ಲಿ ಅದಕ್ಕೆ ನಾಟಕದ ಬಣ್ಣ ಹಚ್ಚಿದರು. 1944ರಲ್ಲಿ ವಿಜ್ಞಾನ ಇತಿಹಾಸಕಾರ ಡಗ್ಲಸ್ ಮೆಕೀ ‘ನೇಚರ್’ ಪತ್ರಿಕೆಯಲ್ಲಿ ಇದು ದಂತಕಥೆ, ವೋಲರ್‌ನ ಕಾಲದವರಲ್ಲಿ ಜೀವಶಕ್ತಿಯ ನಂಬಿಕೆ ಹಾಗೇ ಮುಂದುವರಿಯಿತು ಎಂದು ತೋರಿಸಿದರು. ದಂತಕಥೆ ಎಂದು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ, ಸಾವಯವ ನಿರವಯವಗಳೆರಡನ್ನೂ ಒಂದೇ ನಿಯಮದ ಕೆಳಗೆ ತರುವ ಯೋಚನೆಗೆ ಆ ಪ್ರಯೋಗ ಬಲ ಕೊಟ್ಟಿತು ಎಂಬುದು ಇನ್ನೊಬ್ಬ ಇತಿಹಾಸಕಾರ ಜಾನ್ ಬ್ರೂಕ್ ಅವರ ನಿಲುವು. ಪೀಟರ್ ರಾಂಬರ್ಗ್ 2000ದಲ್ಲಿ ಪಠ್ಯಪುಸ್ತಕಗಳನ್ನೇ ಪರಿಶೀಲಿಸಿ, ಸಾವಯವ ರಸಾಯನಶಾಸ್ತ್ರ ತನ್ನ ಹುಟ್ಟುಕಥೆಯಾಗಿ ಇದನ್ನು ಉಳಿಸಿಕೊಂಡಿದೆ ಎಂದರು. ನನಗೆ ಬ್ರೂಕ್ ಅವರ ಮಾತು ಹೆಚ್ಚು ನ್ಯಾಯವೆನಿಸುತ್ತದೆ. ಆದರೂ ಒಬ್ಬನಿಗೆ ಎಲ್ಲ ಶ್ರೇಯ ಕಟ್ಟಿ ಕೋಲ್ಬೆ, ಬರ್ತೆಲೊ, ಬುಕ್ನರರ ಐವತ್ತು ವರ್ಷದ ದುಡಿಮೆಯನ್ನು ಮರೆಸುವುದು ಮಕ್ಕಳಿಗೆ ನಾವು ಮಾಡುವ ಅನ್ಯಾಯ.

ಯೂರಿಯಾದ ಕಥೆಗೆ ಇನ್ನೊಂದು ತಿರುವು 1922ರಲ್ಲಿ ಬಂತು. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ಹೇಬರ್–ಬಾಷ್ ವಿಧಾನ ಆಗಲೇ ನಡೆಯುತ್ತಿತ್ತು. ಆ ಅಮೋನಿಯಾವನ್ನು ಇಂಗಾಲದ ಡೈಆಕ್ಸೈಡ್ ಜೊತೆ ಹೆಚ್ಚಿನ ಒತ್ತಡದಲ್ಲಿ ಕಾಯಿಸಿದರೆ ಮೊದಲು ಅಮೋನಿಯಂ ಕಾರ್ಬಮೇಟ್, ಅದರಿಂದ ನೀರು ಹೊರಹೋಗಿ ಯೂರಿಯಾ. ಬಾಷ್ ಮತ್ತು ಮೈಸರ್ ಹೆಸರಿನ ಈ ವಿಧಾನದಿಂದ ಜಗತ್ತಿನ ಗೊಬ್ಬರದ ಚೀಲಗಳು ತುಂಬುತ್ತವೆ. ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ಯೂರಿಯಾ ಕಾರ್ಖಾನೆ ಬಂತು. ತೂಕದಲ್ಲಿ 46 ಪಾಲು ಸಾರಜನಕವಿರುವ ಆ ಬಿಳಿ ಕಾಳನ್ನು ಮಂಡ್ಯದ, ಗಂಗಾವತಿಯ ಗದ್ದೆಗಳಿಗೆ ಎರಚಿದಾಗ ಭತ್ತ ಅದನ್ನು ಹೆಚ್ಚಾಗಿ ಹಾಗೆಯೇ ಹೀರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಅದನ್ನು ಮತ್ತೆ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯಬೇಕು.

ಕಿಣ್ವ ಎಂದರೆ ಏನೆಂದು 1920ರ ದಶಕದಲ್ಲೂ ದೊಡ್ಡ ವಿದ್ವಾಂಸರ ನಡುವೆ ಒಮ್ಮತವಿರಲಿಲ್ಲ. ಹದಿಹರೆಯದಲ್ಲಿ ಬೇಟೆಯ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಜೇಮ್ಸ್ ಸಮ್ನರ್, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂಬತ್ತು ವರ್ಷ ಒಂದೇ ಕೆಲಸಕ್ಕೆ ಅಂಟಿ ಕೂತು, 1926ರಲ್ಲಿ ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಯೂರಿಯೇಸನ್ನು ಹರಳುಗಟ್ಟಿಸಿದ. ಕಿಣ್ವ ಒಂದು ಪ್ರೋಟೀನು, ಶೀಸೆಯಲ್ಲಿ ಹಿಡಿದಿಡಬಹುದಾದ ಪದಾರ್ಥ. ಹಲವರು ನಂಬಲಿಲ್ಲ, 20 ವರ್ಷದ ನಂತರ ಅದಕ್ಕೇ ನೊಬೆಲ್ ಬಂತು. 1975ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ಯೂರಿಯೇಸನ್ನು ಮತ್ತೆ ಅಳೆದಾಗ, ಯೂರಿಯಾ ಬಂದು ಕೂರುವ ಜಾಗದಲ್ಲಿ, ಕ್ರಿಯೆಯ ನಟ್ಟನಡುವೆ, ನಿಕಲ್ ಲೋಹದ ಪರಮಾಣುಗಳು ಸಿಕ್ಕವು.